ಮನೆಯೊಳಗಿದ್ದೂ ಕಾಣೆಯಾದ ಬ್ರಾಡ್‌ಬ್ಯಾಂಡ್

ಕಳೆದ ಚಳಿಗಾಲದಲ್ಲಿ ತೀರ್ಥಹಳ್ಳಿಯ ಸೀಮೆಯ ಒಂದು ಹಳ್ಳಿಯಲ್ಲಿ, ನಮ್ಮ ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿ ನಾಲ್ಕು ದಿನ ತಂಗುವ ಅವಕಾಶ ನಮಗೆ ಒದಗಿತ್ತು. ಸ್ನೇಹಿತರು ನಿವೃತ್ತ ಉಪಾಧ್ಯಾಯರು. ಅವರ ಮಗಳು ವಾಣಿಜ್ಯಶಾಸ್ತ್ರದ ಪದವೀಧರೆ. ಆಸುಪಾಸಿನ ಹನ್ನೆರಡು ಮಂದಿ ಅಡಿಕೆ ವ್ಯಾಪಾರಿಗಳ ಲೆಕ್ಕಪತ್ರಗಳನ್ನು ಬರೆದು, ಅವರ ಜಿಎಸ್‌ಟಿ ರಿಟರ್ನುಗಳನ್ನು ಮನೆಯಿಂದಲೇ ಸಲ್ಲಿಸಿ, ತನ್ನ ಕಾಲ ಮೇಲೆ ತಾನು ನಿಂತಿದ್ದಾಳೆ. ಆ ಹಳ್ಳಿಗೆ ತಂತಿಯ ಬ್ರಾಡ್‌ಬ್ಯಾಂಡ್ ಇನ್ನೂ ಬಂದಿಲ್ಲ. ಆಕೆಯ ಲ್ಯಾಪ್‌ಟಾಪಿನ ಮಗ್ಗುಲಲ್ಲಿ ಸಿಮ್ ಕಾರ್ಡನ್ನು ಇಡುವ ಸಣ್ಣ ಸೀಳೊಂದುಂಟು. ಹೊರಜಗತ್ತಿಗೂ ಆಕೆಯ ಉದ್ಯೋಗಕ್ಕೂ ಇರುವ ಸೇತುವೆ ಅದೊಂದೇ.

ನಾವು ಹೋದುದು ತಿಂಗಳ 17ನೆಯ ತಾರೀಖು. ಹಿಂದಿನ ರಾತ್ರಿ ಆಕೆ ಯಂತ್ರವು ಹಲವು ದಿನಗಳಿಂದ ಒತ್ತಾಯಿಸುತ್ತಿದ್ದಂತೆ ವಿಂಡೋಸ್ 10ರಿಂದ ವಿಂಡೋಸ್ 11ಕ್ಕೆ ಬಡ್ತಿ ಕೊಟ್ಟಿದ್ದಳು. ಬೆಳಗ್ಗೆ ನೋಡಿದರೆ ಎಲ್ಲವೂ ಹೊಸದಾಗಿ, ಚೆಲುವಾಗಿ ಕಾಣುತ್ತಿತ್ತು. ಮೊಬೈಲ್ ಬ್ರಾಡ್‌ಬ್ಯಾಂಡ್ ಮಾತ್ರ ಇರಲಿಲ್ಲ. ಕೆಟ್ಟಿದೆ ಎಂಬ ಸೂಚನೆ ಇಲ್ಲ, ಸಂಕೇತ ದುರ್ಬಲವಾಗಿದೆ ಎಂಬ ಮಾತಿಲ್ಲ. ಸೆಟ್ಟಿಂಗಿನ ಪಟ್ಟಿಯಲ್ಲಿ 'ಸೆಲ್ಯುಲರ್' ಎಂಬ ಸಾಲೇ ಅಳಿಸಿಹೋಗಿತ್ತು. 20ನೆಯ ತಾರೀಖು ರಿಟರ್ನ್ ಸಲ್ಲಿಸಲು ಕಡೆಯ ದಿನ. ತಪ್ಪಿದರೆ ಪ್ರತಿಯೊಬ್ಬ ವ್ಯಾಪಾರಿಗೂ ದಿನವೊಂದಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ. ಹಣಕ್ಕಿಂತ ಹೆಚ್ಚಾಗಿ, ಹುಡುಗಿಯ ಕೈಗೆ ಲೆಕ್ಕ ಕೊಟ್ಟುದು ತಪ್ಪಾಯಿತೆಂದು ಯಾರಾದರೂ ಅಂದಾರೆಂಬ ಅಳುಕು ಆಕೆಗೆ.

“ಸಿಮ್ಮೇ ಹಾಳಾಗಿರಬೇಕು ಮಾವ” ಎಂದು ಆಕೆ ಅದನ್ನು ಹೊರತೆಗೆದು ಸೆರಗಿನಿಂದ ಮೂರು ಬಾರಿ ಒರೆಸಿ ಇಟ್ಟಳು. ಆಗಲಿಲ್ಲ. ಪೇಟೆಯ ಅಂಗಡಿಯವನು ಹೊಸ ಸಿಮ್ ಕೊಟ್ಟನು. ಅದೂ ನಡೆಯದಿರಲು, ಒಳಗಿನ ಕಾರ್ಡು ಸುಟ್ಟಿದೆಯೆಂದೂ, ಬೆಂಗಳೂರಿನಿಂದ ತರಿಸಬೇಕೆಂದೂ, ಹತ್ತು ದಿನ ಹಿಡಿಯುವುದೆಂದೂ ತೀರ್ಪು ಕೊಟ್ಟು, ನಾವು ಇಲ್ಲಿ ಬರೆಯಲು ನಾಚುವಂತಹ ಒಂದು ಮೊತ್ತವನ್ನು ಹೇಳಿದನು.

ಕಾರ್ಡು ಸುಟ್ಟಿರಲಿಲ್ಲ, ಸಿಮ್ಮೂ ಕೆಟ್ಟಿರಲಿಲ್ಲ. ಇದು ನಮ್ಮ ಸ್ನೇಹಿತರ ಮನೆಯೊಂದರ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ವಿಂಡೋಸ್ 10ಕ್ಕೆ ಅದರ ತಯಾರಕರು ಕೊಡುತ್ತಿದ್ದ ಉಚಿತ ರಕ್ಷಣೆ 2025ರ ಅಕ್ಟೋಬರ್ 14ರಂದು ಸಾಮಾನ್ಯವಾಗಿ ಮುಗಿಯಿತು. ಅಂದಿನಿಂದ ಬಡ್ತಿ ಎಂಬುದು ಆಸೆಯ ವಿಷಯವಾಗಿ ಉಳಿದಿಲ್ಲ, ಅನಿವಾರ್ಯವಾಗಿದೆ. ಆದುದರಿಂದ ಈ ಕಾಣೆಯಾಗುವಿಕೆಯ ಒಳಗನ್ನು ವಾಚಕರ ಮುಂದೆ ಸ್ವಲ್ಪ ಬಿಡಿಸಿಡುವುದೂ, ತಪ್ಪು ಎಲ್ಲಿದೆಯೆಂದು ನಮಗೆ ತೋರಿದುದನ್ನು ಹೇಳುವುದೂ ಉಚಿತವೆಂದು ಭಾವಿಸಿದ್ದೇವೆ.

ಲ್ಯಾಪ್‌ಟಾಪಿನೊಳಗಿರುವ ಈ ಮೋಡೆಮ್ ಘಟಕವು ಸಾಮಾನ್ಯವಾಗಿ 30 ಮಿಲಿಮೀಟರ್ ಅಗಲ, 42 ಮಿಲಿಮೀಟರ್ ಉದ್ದದ ಒಂದು ತೆಳುವಾದ ಹಲಗೆ. ಬೆಂಕಿಪೊಟ್ಟಣದ ಮುಖಕ್ಕಿಂತ ಚಿಕ್ಕದು. ಅದರಿಂದ ಹೊರಟ ಕೂದಲಿನಂತಹ ತಂತಿಗಳು ಮುಚ್ಚಳದ ಅಂಚಿನಲ್ಲಿ ಅಡಗಿಸಿರುವ ಆಂಟೆನಾಗಳನ್ನು ಸೇರುತ್ತವೆ. ಇದು ತನ್ನದೇ ಮಿದುಳು, ತನ್ನದೇ ತಂತ್ರಾಂಶ ಉಳ್ಳ ಸ್ವತಂತ್ರ ಯಂತ್ರ; ಮಾತನಾಡುವ ಬಾಯಿಲ್ಲದ ಮೊಬೈಲ್ ಫೋನೆಂದೇ ಹೇಳಬಹುದು. ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಮ್ಮಿಗೂ ಇದಕ್ಕೂ ಭಾಷೆ ಬೇರೆ. ಇವೆರಡರ ನಡುವೆ ನಿಂತು ಒಬ್ಬರ ಮಾತನ್ನು ಮತ್ತೊಬ್ಬರಿಗೆ ತಿಳಿಸುವ ದುಭಾಷಿಯೇ ಡ್ರೈವರ್ ಎಂಬ ತಂತ್ರಾಂಶ. ಆಪರೇಟಿಂಗ್ ಸಿಸ್ಟಮ್ ಬದಲಾಗುವುದೆಂದರೆ ಆಸ್ಥಾನಕ್ಕೆ ಹೊಸ ದೊರೆ ಬಂದಂತೆ. ಹಳೆಯ ದುಭಾಷಿಗಳಲ್ಲಿ ಕೆಲವರನ್ನು ಆತ ಉಳಿಸಿಕೊಳ್ಳುತ್ತಾನೆ, ಕೆಲವರನ್ನು ಹೇಳದೆ ಕೇಳದೆ ಮನೆಗೆ ಕಳುಹಿಸುತ್ತಾನೆ. ಆಮೇಲೆ ಘಟಕವು ಎಷ್ಟು ಕೂಗಿದರೂ ಆಸ್ಥಾನದಲ್ಲಿ ಕೇಳುವವರಿಲ್ಲ.

ಹೀಗಿರಲಾಗಿ ಪರೀಕ್ಷೆಯನ್ನು ಎಲ್ಲಿಂದ ತೊಡಗಬೇಕು? ಬುಡದಿಂದ. ಘಟಕವು ಯಂತ್ರದ ಕಣ್ಣಿಗೆ ಬೀಳುತ್ತಿದೆಯೆ ಎಂಬುದೇ ಮೊದಲನೆಯ ಪ್ರಶ್ನೆ. ವಿಂಡೋಸಿನ 'ಡಿವೈಸ್ ಮ್ಯಾನೇಜರ್' ಎಂಬ ಪಟ್ಟಿಯಲ್ಲಿ ಅದರ ಹೆಸರಿರಬೇಕು; ಹೆಸರಿಲ್ಲದಿದ್ದರೆ ಹಳದಿ ಗುರುತು ಹೊತ್ತ 'ಅಪರಿಚಿತ ಸಾಧನ'ವಾದರೂ ಇರಬೇಕು. ಯುಎಸ್‌ಬಿ ಮಾರ್ಗದಲ್ಲಿ ಕೂಡಿದ ಪ್ರತಿಯೊಂದು ಸಾಧನವೂ ತನ್ನ ತಯಾರಕರ ಸಂಖ್ಯೆಯನ್ನು ತಾನೇ ಹೇಳಿಕೊಳ್ಳುತ್ತದೆ. 1199 ಎಂದರೆ ಸಿಯೆರಾ ವೈರ್‌ಲೆಸ್ ಎಂದು ತಿಳಿಯತಕ್ಕದ್ದು. ಅಪರಿಚಿತನೂ ತನ್ನ ಊರನ್ನು ಹೇಳುತ್ತಾನೆ, ಕೇಳುವ ವ್ಯವಧಾನ ನಮಗಿರಬೇಕು ಅಷ್ಟೆ. ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ, ಯಂತ್ರವು ಏಳುವಾಗ ಕಾಣುವ ಬಯಾಸ್ ಎಂಬ ಮೂಲ ವ್ಯವಸ್ಥೆಯಲ್ಲಿ ಘಟಕವನ್ನು ಮುಚ್ಚಿಟ್ಟಿದೆಯೇ ಎಂದು ನೋಡಬೇಕು. ಇಲ್ಲೊಂದು ಸಣ್ಣ ಮೋಸವುಂಟು. ವಿಂಡೋಸ್ 8ರಿಂದೀಚೆಗೆ 'ಷಟ್‌ಡೌನ್' ಒತ್ತಿದರೆ, 'ಫಾಸ್ಟ್ ಸ್ಟಾರ್ಟಪ್' ಜಾರಿಯಲ್ಲಿರುವ ಯಂತ್ರವು ಪೂರ್ತಿಯಾಗಿ ಆರುವುದಿಲ್ಲ. ತನ್ನ ಒಳಸ್ಥಿತಿಯನ್ನು ಬರೆದಿಟ್ಟುಕೊಂಡು ಮಲಗುತ್ತದೆ, ಎದ್ದಾಗ ಅದೇ ಹಳೆಯ ಗೊಂದಲವನ್ನು ಓದಿಕೊಳ್ಳುತ್ತದೆ. ನಿಜವಾದ ಹೊಸ ಬೆಳಗು ಬೇಕಾದರೆ ಒತ್ತಬೇಕಾದುದು 'ರೀಸ್ಟಾರ್ಟ್'. ವಿಚಿತ್ರವಾದರೂ ಸತ್ಯ.

ಘಟಕ ಕಂಡಿತು, ದುಭಾಷಿಯೂ ಇದ್ದಾನೆ ಎಂದಾದರೆ, ಅದು ಎಚ್ಚರವಾಗಿದೆಯೆ ಎಂಬುದು ಮುಂದಿನ ಮಾತು. ಐಎಂಇಐ ಎಂಬ 15 ಅಂಕೆಗಳ ಸಂಖ್ಯೆ ಪರದೆಯ ಮೇಲೆ ಬಂದರೆ ಘಟಕಕ್ಕೆ ಜೀವವಿದೆಯೆಂದೇ ಅರ್ಥ. ಬಳಿಕ ಸಿಮ್. ಅದರ ಸಂಖ್ಯೆ 8991 ಎಂದು ಮೊದಲಾದರೆ, ನಮ್ಮ ದೇಶದ ಸಿಮ್ ಒಳಗೆ ಸರಿಯಾಗಿ ಓದಿಸಿಕೊಳ್ಳುತ್ತಿದೆ. ಆಮೇಲೆ ಜಾಲದೊಡನೆ ನೋಂದಣಿ. ಕಡೆಯದಾಗಿ ಎಪಿಎನ್ ಎಂಬ ಹೆಬ್ಬಾಗಿಲಿನ ಹೆಸರು. ಜಿಯೋದವರದು 'ಜಿಯೋನೆಟ್', ಬಿಎಸ್‌ಎನ್‌ಎಲ್‌ನವರದು 'ಬಿಎಸ್‌ಎನ್‌ಎಲ್‌ನೆಟ್'. ಬಡ್ತಿಯ ಗಲಿಬಿಲಿಯಲ್ಲಿ ಈ ಹೆಸರು ಅಳಿಸಿಹೋಗುವುದೂ ಉಂಟು. ಹಳೆಯ 3ಜಿ ಡಾಂಗಲ್ ಉಳ್ಳವರು ಜಿಯೋ ಸಿಮ್ ಹಾಕಿ ಬಡ್ತಿಯನ್ನು ಬೈಯುವುದು ಮಾತ್ರ ನ್ಯಾಯವಲ್ಲ. 2016ರಲ್ಲಿ ಆರಂಭವಾದ ಆ ಜಾಲದಲ್ಲಿ 3ಜಿ ಎಂಬುದೇ ಇಲ್ಲ.

ಈ ಮೆಟ್ಟಿಲುಗಳನ್ನು ಹತ್ತಿ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಆಪರೇಟಿಂಗ್ ಸಿಸ್ಟಮ್ಮಿನ ಬಡ್ತಿಯು ಡ್ರೈವರನ್ನು ಕಿತ್ತೊಗೆಯಬಹುದು, ಘಟಕವನ್ನು ಎಬ್ಬಿಸುವ ಸೇವೆಯನ್ನು ನಿಲ್ಲಿಸಬಹುದು, ಹೆಬ್ಬಾಗಿಲಿನ ಹೆಸರನ್ನು ಮರೆಯಬಹುದು. ಅದು ಮುಟ್ಟಿ ಕೆಡಿಸುವುದಕ್ಕೆ ಆಗದ ಒಂದೇ ವಸ್ತುವೆಂದರೆ ಸಿಮ್ ಕಾರ್ಡು. ಆದರೆ ಎಲ್ಲರೂ ಮೊಟ್ಟಮೊದಲು ಬದಲಾಯಿಸುವುದು ಅದನ್ನೇ! ಜನರ ಅಜ್ಞಾನವೆಂದು ನಕ್ಕು ಇದನ್ನು ಬಿಟ್ಟುಬಿಡಲು ನಾವು ಸಿದ್ಧರಿಲ್ಲ. ಕೈಗೆ ಸಿಗುವ, ಕಣ್ಣಿಗೆ ಕಾಣುವ ಭಾಗ ಅದೊಂದೇ ಆಗಿರುವಾಗ, ಯಂತ್ರವು ಮತ್ತಾವ ಸುಳಿವನ್ನೂ ಕೊಡದಿರುವಾಗ, ಪಾಪ ಮನುಷ್ಯನು ಇನ್ನೇನನ್ನು ಬದಲಾಯಿಸಿಯಾನು?

ನಮ್ಮ ಆಕ್ಷೇಪಣೆ ಇರುವುದು ಇಲ್ಲಿಯೇ. ಡ್ರೈವರ್ ಇಲ್ಲದಿರುವುದು ಬೇರೆ, ಘಟಕ ಕೆಟ್ಟಿರುವುದು ಬೇರೆ, ಸೇವೆ ನಿಂತಿರುವುದು ಬೇರೆ. ಇವಕ್ಕೆ ಮದ್ದೂ ಬೇರೆ ಬೇರೆ. ಆದರೂ ಯಂತ್ರವು ಈ ಎಲ್ಲಕ್ಕೂ ಕೊಡುವ ಉತ್ತರ ಒಂದೇ: ಪಟ್ಟಿಯಿಂದ ಒಂದು ಸಾಲು ಮಾಯ. ಯಂತ್ರ ಕೆಡುವುದು ಅಪರಾಧವಲ್ಲ. ಎಲ್ಲ ಯಂತ್ರಗಳೂ ಕೆಡುತ್ತವೆ. ನಿನ್ನೆಯವರೆಗೆ ಇಲ್ಲೊಂದು ಘಟಕವಿತ್ತೆಂಬುದು ಆ ಯಂತ್ರಕ್ಕೇ ತಿಳಿದಿತ್ತು. ಅದನ್ನು ಒಡತಿಗೆ ಹೇಳದೆ ಸಾಲನ್ನೇ ಅಳಿಸಿ ಏನೂ ನಡೆಯಲಿಲ್ಲವೆಂಬಂತೆ ಕುಳಿತುದು ತಪ್ಪು. 'ನಿನ್ನೆ ಇದ್ದ ಮೋಡೆಮ್ಮಿಗೆ ಇಂದು ಡ್ರೈವರ್ ಸಿಗಲಿಲ್ಲ' ಎಂಬ ಒಂದು ಸಾಲು ಪರದೆಯ ಮೇಲೆ ಬಂದಿದ್ದರೆ, ನಮ್ಮ ಸ್ನೇಹಿತರ ಮಗಳು ಎರಡು ದಿನ ಬಸ್ಸಿನಲ್ಲಿ ಅಲೆಯುತ್ತಿರಲಿಲ್ಲ.

ಈ ಘಟಕಗಳ ಚರಿತ್ರೆಯನ್ನು ನೋಡಿದರೆ ಇಂತಹ ಮೌನಕ್ಕೆ ಎಷ್ಟು ಬಗೆಯ ಕಾರಣಗಳಿವೆಯೆಂದು ಆಶ್ಚರ್ಯವಾಗುತ್ತದೆ. 2009ರ ಸುಮಾರಿಗೆ ಬಂದ ಕ್ವಾಲ್‌ಕಾಮ್ ಸಂಸ್ಥೆಯ ಗೋಬಿ 2000 ಎಂಬ ಘಟಕವು ಪ್ರತಿದಿನವೂ ಏನೂ ನೆನಪಿಲ್ಲದೆ ಏಳುತ್ತಿತ್ತು. ಅದರ ಒಳತಂತ್ರಾಂಶವನ್ನು ಲ್ಯಾಪ್‌ಟಾಪೇ ಪ್ರತಿ ಬಾರಿಯೂ ತುತ್ತಿಟ್ಟು ಉಣಿಸಬೇಕಾಗಿತ್ತು. ಬಡ್ತಿಯಲ್ಲಿ ಆ ಕಡತಗಳು ಅಳಿದುಹೋದರೆ ಘಟಕವು ಕಾಣುತ್ತದೆ, ಆದರೆ ಮೋಡೆಮ್ಮಾಗಿ ಏಳುವುದೇ ಇಲ್ಲ. ಯುಎಸ್‌ಬಿಗೆ ಚುಚ್ಚುವ ಡಾಂಗಲ್ಲುಗಳದು ಇನ್ನೂ ತಮಾಷೆ. ಅವುಗಳಲ್ಲಿ ಹಲವು ಮೊದಲು ತಮ್ಮನ್ನು ಸಿಡಿ ಎಂದು ಪರಿಚಯಿಸಿಕೊಳ್ಳುತ್ತವೆ. ಆ ಹುಸಿ ಸಿಡಿಯಲ್ಲಿರುವ ತಂತ್ರಾಂಶವನ್ನು ಸ್ಥಾಪಿಸಿದ ಮೇಲೆ, ಒಂದು ಸಂಕೇತವಾಕ್ಯವನ್ನು ಕೇಳಿದಾಗಲಷ್ಟೇ ವೇಷ ಕಳಚಿ ಮೋಡೆಮ್ ಆಗುತ್ತವೆ. ಹೊಸ ವ್ಯವಸ್ಥೆಗೆ ಆ ವಾಕ್ಯ ತಿಳಿಯದಿದ್ದರೆ, ಡಾಂಗಲ್ಲು ಕಡೆಯವರೆಗೂ ಸಿಡಿಯ ವೇಷದಲ್ಲಿಯೇ ಇರುತ್ತದೆ. ಇಂತಹ ತೊಡಕುಗಳನ್ನು ಕಡಿಮೆ ಮಾಡಲೆಂದೇ 2011ರಲ್ಲಿ ಎಂಬಿಐಎಂ ಎಂಬ ಸಾರ್ವತ್ರಿಕ ನಿಯಮಾವಳಿ ಪ್ರಕಟವಾಯಿತು. 2012ರ ವಿಂಡೋಸ್ 8 ಅದನ್ನು ಅಂಗೀಕರಿಸಿ, ನಿಯಮವನ್ನು ಪಾಲಿಸುವ ಎಲ್ಲ ಘಟಕಗಳಿಗೂ ಒಬ್ಬನೇ ದುಭಾಷಿಯನ್ನು ನೇಮಿಸಿತು. ಈ ವಿಷಯದಲ್ಲಿ ಇದುವರೆಗೆ ನಡೆದ ಸತ್ಕಾರ್ಯಗಳಲ್ಲಿ ಇದೇ ಮುಖ್ಯವಾದುದೆಂದು ನಮ್ಮ ಅಭಿಪ್ರಾಯ.

ದೋಷವು ವಿಂಡೋಸ್ ಒಂದರದೇ ಎಂದು ಯಾರೂ ಭಾವಿಸಬಾರದು. ಲಿನಕ್ಸ್ ಬಳಸುವವರ ವಲಯದಲ್ಲಿ ನಡೆದ ಒಂದು ಪ್ರಸಂಗವು ಇದಕ್ಕಿಂತಲೂ ಬೋಧಪ್ರದವಾಗಿದೆ. ಅಲ್ಲಿ ಇಂತಹ ಘಟಕಗಳನ್ನು ನಡೆಸುವ ತಂತ್ರಾಂಶದ ಹೆಸರು ಮೋಡೆಮ್‌ಮ್ಯಾನೇಜರ್. ಅದರ 1.18.4 ಎಂಬ ಆವೃತ್ತಿಯ ಬಳಿಕ, 2022ರ ಏಪ್ರಿಲಿನಲ್ಲಿ ಬಂದ ಉಬುಂಟು 22.04 ಮೊದಲಾದ ವ್ಯವಸ್ಥೆಗಳಿಗೆ ಬಡ್ತಿ ಕೊಟ್ಟ ಹಲವರ ಲ್ಯಾಪ್‌ಟಾಪುಗಳಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ನಿಂತುಹೋಯಿತು. ಘಟಕವು ಪಟ್ಟಿಯಲ್ಲಿತ್ತು; ಆದರೆ ಅದರ ರೇಡಿಯೋ ಅಲ್ಪಶಕ್ತಿಯ ಸ್ಥಿತಿಯಿಂದ ಮೇಲೇಳಲೊಲ್ಲದು. ಕಾರಣವನ್ನು ಹುಡುಕಿದರೆ ಅದು ಅಮೆರಿಕದ ಕಾನೂನಿನವರೆಗೆ ಹೋಗುತ್ತದೆ.

ರೇಡಿಯೋ ತರಂಗಗಳನ್ನು ಹೊರಸೂಸುವ ಯಾವ ಉಪಕರಣವೂ ಅಲ್ಲಿ ಎಫ್‌ಸಿಸಿ ಎಂಬ ಸರ್ಕಾರಿ ಆಯೋಗದ ಅನುಮತಿಯಿಲ್ಲದೆ ಮಾರುಕಟ್ಟೆಗೆ ಬರುವಂತಿಲ್ಲ. ದೇಹವು ಹೀರುವ ಶಕ್ತಿಯು ಒಂದು ಗ್ರಾಂ ಊತಕದ ಸರಾಸರಿಯಲ್ಲಿ ಕಿಲೋಗ್ರಾಮಿಗೆ 1.6 ವ್ಯಾಟನ್ನು ಮೀರಬಾರದು. ನಮ್ಮ ದೇಶವೂ ಮೊಬೈಲ್ ಫೋನುಗಳಿಗೆ 2012ರಲ್ಲಿ ಇದೇ ಮಿತಿಯನ್ನು ಗೊತ್ತುಪಡಿಸಿತು. ಈ ಅಳತೆಯು ಘಟಕವೊಂದನ್ನೇ ಅವಲಂಬಿಸಿರುವುದಿಲ್ಲ. ಆಂಟೆನಾ ಎಲ್ಲಿದೆ, ಅದಕ್ಕೂ ತೊಡೆಯ ಮೇಲಿಟ್ಟುಕೊಂಡವನ ದೇಹಕ್ಕೂ ಅಂತರವೆಷ್ಟು ಎಂಬುದರ ಮೇಲೆಯೂ ನಿಂತಿದೆ. ಆದುದರಿಂದ ಲ್ಯಾಪ್‌ಟಾಪನ್ನೂ ಘಟಕವನ್ನೂ ಜೋಡಿಯಾಗಿ ಪರೀಕ್ಷಿಸಿ ಪ್ರಮಾಣೀಕರಿಸುತ್ತಾರೆ. ಆ ಜೋಡಿ ತಪ್ಪದಂತೆ ಲೆನೊವೊ, ಡೆಲ್, ಎಚ್‌ಪಿ ಮೊದಲಾದ ತಯಾರಕರ ಕೆಲವು ಲ್ಯಾಪ್‌ಟಾಪುಗಳ ಘಟಕಗಳಿಗೆ ಒಂದು ತಂತ್ರಾಂಶದ ಬೀಗವುಂಟು. ಯಂತ್ರ ಎದ್ದಾಗಲೆಲ್ಲ ಆ ಬೀಗವನ್ನು ಗೊತ್ತಾದ ಆಜ್ಞೆಯಿಂದ ತೆರೆಯಬೇಕು. ಅಲ್ಲಿಯವರೆಗೆ ಘಟಕಕ್ಕೆ ಮೌನವ್ರತ.

ಹಿಂದೆ ಮೋಡೆಮ್‌ಮ್ಯಾನೇಜರ್ ತನಗೆ ತಿಳಿದ ಘಟಕಗಳ ಬೀಗವನ್ನು ತಾನಾಗಿಯೇ ತೆರೆಯುತ್ತಿತ್ತು. 1.18.4ರಿಂದ ಅದನ್ನು ನಿಲ್ಲಿಸಿತು. ಈ ಲ್ಯಾಪ್‌ಟಾಪಿಗೆ ಈ ಘಟಕ ಪ್ರಮಾಣಿತವೆಂದು ಹೇಳಬೇಕಾದವರು ತಯಾರಕರು, ನಾವಲ್ಲ. ಬೀಗ ತೆರೆಯಬೇಕೆಂದಿರುವ ಬಳಕೆದಾರನು ತನ್ನ ಹೊಣೆಯ ಮೇಲೆ ತೆರೆದುಕೊಳ್ಳಲಿ ಎಂಬುದು ಅದರ ನಿಲುವು. ತೆರೆಯುವ ಸಣ್ಣ ಲಿಪಿಗಳನ್ನು ತಂತ್ರಾಂಶದ ಜೊತೆಯಲ್ಲಿಯೇ ಒಂದು ಕಡತಕೋಶದಲ್ಲಿ ಇಟ್ಟಿದ್ದಾರೆ. ಬಳಕೆದಾರನು ಅದರಿಂದ ಮತ್ತೊಂದು ಕಡತಕೋಶಕ್ಕೆ ಒಂದು ಕೊಂಡಿ ಹಾಕಿದರೆ ಸಾಕು. ಕೆಲಸ ಅರ್ಧ ನಿಮಿಷದ್ದು. ಕಾರಣ ತಿಳಿಯುವುದಕ್ಕೆ ಮಾತ್ರ ವಾರ ಹಿಡಿದೀತು.

ಈ ನಿರ್ಧಾರ ಸರಿಯೇ? ನಾವು ಬಹಳ ಯೋಚಿಸಿದೆವು. ತತ್ತ್ವತಃ ಸರಿಯೆಂದೇ ತೋರುತ್ತದೆ. ಕಾನೂನಿನ ಬೀಗವನ್ನು ಯಾರೋ ಮೂರನೆಯವರು ಲೋಕಕ್ಕೆಲ್ಲ ತೆರೆದಿಡುವುದು ಉಚಿತವಲ್ಲ. ಅದನ್ನು ಅವರು ತಮ್ಮ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದೂ ಇದ್ದಾರೆ. ಆದರೆ ಕೈಪಿಡಿ ಇರುವುದು ಅಂತರಜಾಲದಲ್ಲಿ, ಕಾಣೆಯಾಗಿರುವುದೂ ಅಂತರಜಾಲವೇ. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡವನ ಪಾಡು! ಆ ವಾಕ್ಯ ಕಾಣಿಸಬೇಕಾಗಿದ್ದುದು ಕೈಪಿಡಿಯಲ್ಲಲ್ಲ, ಬಳಕೆದಾರನ ಪರದೆಯ ಮೇಲೆ, ರೇಡಿಯೋ ಏಳಲೊಲ್ಲದ ಆ ಕ್ಷಣದಲ್ಲಿ.

ತಯಾರಕರ ಪರವಾಗಿಯೂ ಒಂದು ಮಾತಿದೆ. ಲೋಕದಲ್ಲಿರುವ ಲ್ಯಾಪ್‌ಟಾಪುಗಳ ಬಗೆಗಳು ಅಸಂಖ್ಯ. ಪ್ರತಿಯೊಂದನ್ನೂ ಪರೀಕ್ಷಿಸಿಯೇ ಬಡ್ತಿ ಕೊಡಬೇಕೆಂದರೆ ಬಡ್ತಿಯೆಂಬುದೇ ನಡೆಯದು. ಬಡ್ತಿ ಇಲ್ಲದ ಯಂತ್ರಕ್ಕೆ ಕಳ್ಳಕಾಕರ ಭಯ. ಇದನ್ನು ನಾವು ಒಪ್ಪುತ್ತೇವೆ. ಗೊತ್ತಾದ ದೋಷವುಳ್ಳ ಯಂತ್ರಗಳಿಗೆ ಬಡ್ತಿಯನ್ನು ತಡೆಹಿಡಿಯುವ ಏರ್ಪಾಡೂ ಮೈಕ್ರೋಸಾಫ್ಟಿನವರಲ್ಲಿ ಉಂಟು. ಆದರೆ ಆ ತಡೆ ಬೀಳುವುದು ದೋಷವು ಅವರ ಗಮನಕ್ಕೆ ಬಂದ ಮೇಲೆ. ಸಿಮ್ ಸೀಳುಳ್ಳ ಲ್ಯಾಪ್‌ಟಾಪನ್ನು ಕೊಳ್ಳುವವರು ಮೊದಲೇ ಕಡಿಮೆ. ಅವರಲ್ಲಿ ಅದೊಂದನ್ನೇ ನಂಬಿದವರ ದೂರು ಹೋಗಬೇಕಾದುದು ಕಡಿದುಹೋದ ಅದೇ ದಾರಿಯಲ್ಲಿ. ನಾವು ಕೇಳುವುದು ಎಲ್ಲ ಯಂತ್ರಗಳ ಪರೀಕ್ಷೆಯನ್ನಲ್ಲ. ಬಡ್ತಿಗೆ ಮುಂಚೆ ಯಂತ್ರವು ತನ್ನ ಜಾಲಸಂಪರ್ಕ ಯಾವ ಘಟಕದ ಮೂಲಕ ನಡೆಯುತ್ತಿದೆಯೆಂದು ನೋಡಿಕೊಳ್ಳಲಿ. ಆ ಒಂದು ಘಟಕದ ಡ್ರೈವರನ್ನು ಪಕ್ಕಕ್ಕೆ ಎತ್ತಿಟ್ಟುಕೊಳ್ಳಲಿ. ಬಡ್ತಿಯ ನಂತರ ಘಟಕವು ಏಳದಿದ್ದರೆ ಅದನ್ನು ಹೆಸರಿಟ್ಟು ಹೇಳಲಿ. ಮುದ್ರಕ ಹೋದರೆ ಜಾಲದಿಂದ ಅದರ ಡ್ರೈವರನ್ನು ತರಬಹುದು. ಜಾಲವೇ ಹೋದರೆ ತರುವುದೆಲ್ಲಿಂದ? ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ.

ಅವರು ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ವಿಂಡೋಸ್ 10ರಲ್ಲಿ ಪಿಎನ್‌ಪಿಯುಟಿಲ್ ಎಂಬ ಸಣ್ಣ ಉಪಕರಣವೊಂದುಂಟು. ಯಂತ್ರದೊಳಗೆ ಹೊರಗಿನಿಂದ ಬಂದಿರುವ ಡ್ರೈವರುಗಳೆಲ್ಲವನ್ನೂ ಒಂದು ಕಡತಕೋಶಕ್ಕೆ ನಕಲು ಮಾಡಿಕೊಡುತ್ತದೆ. ಬಡ್ತಿಗೆ ಮುಂಚೆ ಅದನ್ನು ನಡೆಸಿ ಪೆನ್‌ಡ್ರೈವಿನಲ್ಲಿಟ್ಟುಕೊಳ್ಳಬೇಕು. ಇಷ್ಟನ್ನು ಮಾಡದೆ ಸಿಕ್ಕಿಬಿದ್ದವರಿಗೂ ದಾರಿಯಿಲ್ಲದಿಲ್ಲ. ಮೊಬೈಲ್ ಫೋನನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ 'ಟೆದರಿಂಗ್' ಒತ್ತಿದರೆ, ಆಂಡ್ರಾಯ್ಡ್ ಫೋನುಗಳಲ್ಲಿ ಬಹುಮಟ್ಟಿಗೆ ಬೇರೆ ಡ್ರೈವರ್ ಬೇಡದೆಯೇ ಜಾಲ ಸಿಗುತ್ತದೆ.

ನಾವು ಮಾಡಿದುದೂ ಇದನ್ನೇ. ಆ ಮನೆಯೊಳಗೆ ಫೋನಿಗೆ ಸಂಕೇತ ಸಿಗದು. ಆದುದರಿಂದ 19ರ ಬೆಳಗ್ಗೆ ಲ್ಯಾಪ್‌ಟಾಪನ್ನೂ ಫೋನನ್ನೂ ಹೊತ್ತು ತೋಟದ ಹಿಂದಿನ ಗುಡ್ಡವನ್ನು ಹತ್ತಿದೆವು. ಹನ್ನೆರಡು ಮಂದಿಯ ಕಾಗದಪತ್ರಗಳನ್ನು ಆ ಗಾಳಿಯಲ್ಲಿ ಹರಡಿಕೊಂಡು ಕೂರುವಂತಿರಲಿಲ್ಲ. ಡ್ರೈವರನ್ನು ಇಳಿಸಿಕೊಳ್ಳಲು ಮಾತ್ರ ಸಾಧ್ಯವಾಯಿತು. 'ಅಪರಿಚಿತ ಸಾಧನ'ದ ಸಂಖ್ಯೆಯನ್ನು ಓದಿ, ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ಅದಕ್ಕೆ ತಕ್ಕ ಕಡತವನ್ನು ಹುಡುಕಿ ಇಳಿಸಲು ಒಂದು ಗಂಟೆ ಹಿಡಿಯಿತು. ಸ್ಥಾಪಿಸಿ ರೀಸ್ಟಾರ್ಟ್ ಮಾಡಿದಾಗ 'ಸೆಲ್ಯುಲರ್' ಎಂಬ ಸಾಲು ಮತ್ತೆ ತನ್ನ ಸ್ಥಳದಲ್ಲಿ ಬಂದು ಕುಳಿತಿತ್ತು. ಅಂದು ರಾತ್ರಿ ಹನ್ನೊಂದರೊಳಗೆ ಹನ್ನೆರಡು ರಿಟರ್ನುಗಳೂ ಹೋದವು.

ಆಕೆ ಈಗ ಆ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿ ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿಟ್ಟಿದ್ದಾಳೆ. ಬಡ್ತಿಯಾದ 10 ದಿನಗಳೊಳಗೆ ಹಳೆಯ ವಿಂಡೋಸಿಗೆ ಹಿಂದಿರುಗುವ ಅವಕಾಶವೂ ಇದೆಯೆಂದು ನಾವು ಹೇಳಲು, “ಅದನ್ನು ಮೊದಲೇ ಯಾರೂ ಹೇಳಲಿಲ್ಲವಲ್ಲ ಮಾವ” ಎಂದಳು. ಅಂಗಡಿಯವನು ಕೊಟ್ಟ ಹೊಸ ಸಿಮ್ಮಿನ ಹಣ ಮಾತ್ರ ಇನ್ನೂ ಹಿಂದಕ್ಕೆ ಬಂದಿಲ್ಲ.